ರೀಕಾಯ್ಲಾ, ನೈಟ್ರೋನಾ?

ಹುಬ್ಬಳ್ಳಿಯಿಂದ ರಾತ್ರಿ ಬಸ್ ಹತ್ತಿ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗಿ ಬಂದೆ, ಇದು ಮೂರನೇ ಸಲ. ಅಲ್ಲಿನ ರೋಲರ್ ಕೋಸ್ಟರ್ ರೀಕಾಯ್ಲ್ ನಮ್ಮನ್ನು ಮೊದಲು ಹಿಂದಕ್ಕೆ ಎಳೆದು ಮೇಲಕ್ಕೆ ಒಯ್ಯುತ್ತದೆ. ಕಣ್ಣೆದುರಿಗೆ ಬರೀ ಹಳಿ, ಕೆಳಗೆ ನೆಲ. ಒಂದು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಬಿಟ್ಟೇಬಿಡುತ್ತದೆ! ಸುತ್ತು ಹಾಕಿ ಮುಗೀತು ಅನ್ನುವಷ್ಟರಲ್ಲಿ ಅದೇ ದಾರಿಯಲ್ಲಿ ಹಿಮ್ಮುಖವಾಗಿ ವಾಪಸ್. ಮುಂದೇನು ಅಂತ ಕಾಣಿಸೋದೇ ಇಲ್ಲ.

ಮಹಾರಾಷ್ಟ್ರದ ಖೋಪೋಲಿ ಹತ್ತಿರದ ಇಮ್ಯಾಜಿಕಾ ಪಾರ್ಕಿನ ರೋಲರ್ ಕೋಸ್ಟರ್ ನೈಟ್ರೋ ಇನ್ನೂ ದೊಡ್ಡದು. ಕಾಲ ಕೆಳಗೆ ತಳವೇ ಇಲ್ಲ, ಪಾದಗಳು ಗಾಳಿಯಲ್ಲಿ ತೂಗುತ್ತವೆ. 5 ಸಲ ತಲೆಕೆಳಗು. ಆದರೂ ನನ್ನ ಓಟು ರೀಕಾಯ್ಲ್‌ಗೇ.

ಅಕ್ಕನ ಮಗಳು, "ಮಾಮಾ, ಸಿದ್ಧಾರೂಢರ ಜಾತ್ರಿ ತೊಟ್ಟಿಲಕಿಂತ ಚಲೋ ಐತೇನು?" ಅಂತ ಕೇಳಿದಳು. ತೊಟ್ಟಿಲು ಅಂದ್ರೆ ಜಾತ್ರೆಯ ಜೈಂಟ್ ವೀಲ್. ತುದಿಗೆ ಹೋಗಿ ನಿಂತಾಗ ಹೊಟ್ಟೆಯಲ್ಲಿ ಆಗುವ ಆ ಝುಮ್ ಎರಡರಲ್ಲೂ ಒಂದೇ ಅಲ್ವಾ? ಶಿವರಾತ್ರಿಗೆ ಅವಳ ಜೊತೆ ತೊಟ್ಟಿಲು ಹತ್ತಬೇಕು.