ಚೋಡಣದ ಗದ್ದೆಯಲ್ಲಿ ಉಪ್ಪು ಅಳೆದಿದ್ದು

ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಆರಿಸ್ಕೊಳ್ಳಿ ಅಂದಾಗ ನಮ್ ಬ್ಯಾಚಲ್ಲಿ ಸುಮಾರು ಜನ ಲ್ಯಾಬಲ್ಲೇ ಮುಗಿಯೋದನ್ನ ಹಿಡಿದ್ರು. ನಾವು ಮೂರು ಜನ ಕನ್ನಡದವ್ರು, ಒಬ್ಬ ಧಾರವಾಡದವ, ಒಬ್ಬಳು ವಾಸ್ಕೋದಲ್ಲೇ ಹುಟ್ಟಿ ಬೆಳೆದ ಗದಗ ಕಡೆಯವ್ಳು, ನಾನು ಕುಮಟಾ, ಗೋವಾದ ಖಜಾನ್ ಗದ್ದೆ ಮಣ್ಣು ತಗೊಂಡ್ವಿ. ರಿಬಂದರಲ್ಲಿ ಫೆರಿ ಹತ್ತಿ ಮಾಂಡೋವಿ ಹೊಳೆ ದಾಟಿದ್ರೆ ಚೋಡಣ ದ್ವೀಪ.

ಖಜಾನ್ ಅಂದ್ರೆ ಹೊಳೆಯ ಉಪ್ಪುನೀರು ಮುಟ್ಟೋ ತಗ್ಗು ಗದ್ದೆ, ನಮ್ ಕಡೆ ಗಜನಿ ಅಂತೀವಲ್ಲ, ಅದೇ. ಅಘನಾಶಿನಿ ದಂಡೆ ಮೇಲೆ ಮಾಣಿಕಟ್ಟಾದಲ್ಲಿ ಕಗ್ಗ ಭತ್ತ ಬೆಳೀತಾರೆ, ಇಲ್ಲಿ ಕೊರ್ಗುಟ್, ಎರಡೂ ಉಪ್ಪು ತಡ್ಕೊಳ್ಳೋ ಭತ್ತ. ಮಣ್ಣಿನ ಏರಿ ಕಟ್ಟಿ, ಹೊಳೆ ಕಡೆ ಒಂದು ಮರದ ಬಾಗಿಲು ಇಟ್ಟಿರ್ತಾರೆ, ಇಲ್ಲಿ ಅದಕ್ಕೆ ಮಾನಸ್ ಅಂತಾರೆ. ಭರತ ಬಂದಾಗ ಹೊರಗಿನ ನೀರೇ ತಳ್ಳಿ ಅದನ್ನ ಮುಚ್ಚುತ್ತೆ, ಇಳಿತದಲ್ಲಿ ಒಳಗಿನ ನೀರು ತಳ್ಳಿ ತೆರೆಯುತ್ತೆ, ಕರೆಂಟಿಲ್ಲ ಮೋಟಾರಿಲ್ಲ, ದಿನಕ್ಕೆರಡು ಸಲ ತನ್ನಷ್ಟಕ್ಕೆ. ಮೊದಲ ದಿನ ನಾವು ಮಣ್ಣು ತೆಗೆಯೋದು ಬಿಟ್ಟು ಅದನ್ನೇ ನೋಡ್ತಾ ನಿಂತಿದ್ವಿ.

ಕೆಲಸ ಏನಪ್ಪಾ ಅಂದ್ರೆ ಮಣ್ಣು ತಂದು ಒಣಗಿಸಿ, ಜರಡಿ ಹಿಡಿದು, ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕಿ ಕಲಸಿ ಇಸಿ ಮೀಟರ್ ಇಳಿಸೋದು, ನೀರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅದು ಅಳೆಯುತ್ತೆ, ಉಪ್ಪು ಜಾಸ್ತಿ ಇದ್ದಷ್ಟೂ ಅಂಕಿ ಜಾಸ್ತಿ. ಅದಕ್ಕೂ ಮೊದಲು ಮೀಟರ್ ಸರಿ ಇದೆಯಾ ಅಂತ ತಿಳಿಯೋಕೆ, ಸಾಂದ್ರತೆ ಗೊತ್ತಿರೋ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದು 1.413 (ಮಿಲಿಸೀಮೆನ್ಸ್/ಸೆಂ.ಮೀ.) ತೋರಿಸ್ತಾ ಇದೆಯಾ ಅಂತ ನೋಡ್ಕೋಬೇಕು. ಅದನ್ನೆಲ್ಲ ಸರಿಯಾಗೇ ಮಾಡಿದ್ವಿ. ಆದ್ರೆ ಪುಸ್ತಕದಲ್ಲಿ 4 ದಾಟಿದ್ರೆ ಲವಣ ಮಣ್ಣು ಅಂತ ಇತ್ತು, ನಮ್ದು ಅದಕ್ಕಿಂತ ಕಡಿಮೆ ಬಂತು, ಸರಿ, ಉಪ್ಪಿಲ್ಲ ಅಂತ ಬರ್ದುಬಿಟ್ವಿ.

ಗದ್ದೆ ಅಜ್ಜನಿಗೆ ಹೇಳಿದ್ರೆ ಅವ್ರು ಒಪ್ಲೇ ಇಲ್ಲ. ಏರಿ ಪಕ್ಕದ ಮೂಲೆಗೆ ಕರ್ಕೊಂಡು ಹೋಗಿ, ಬೆಳ್ಳಗೆ ಪುಡಿ ಕೂತಿದ್ದ ನೆಲ ತೋರ್ಸಿದ್ರು, ಇಲ್ಲಿ ಬಾಗಿಲಿನ ಹಲಗೆ ಸವೆದು ನೀರು ಸೋರ್ತಾ ಇದೆ ಅಂದ್ರು ಕೊಂಕಣಿಲಿ. ವಾಪಸ್ ಬಂದು ಮೇಡಂ ಹತ್ರ ಕೂತಾಗ ಗೊತ್ತಾಯ್ತು, ಆ 4 ಅನ್ನೋದು ಮಣ್ಣು ನೀರು ಕುಡಿದು ಪೂರ್ತಿ ನೆನೆದಾಗ ಹಿಂಡಿ ತೆಗೆದ ರಸದ ಲೆಕ್ಕ, ನಾವು ಎರಡು ಪಾಲು ನೀರು ಹಾಕಿ ತೆಳ್ಳಗೆ ಮಾಡಿದ್ವಿ, ನೇರವಾಗಿ ಹೋಲಿಸೋ ಹಾಗೇ ಇಲ್ಲ. ಇದನ್ನ ಎರಡು ವರ್ಷದಿಂದ ಓದಿದೀವಿ, ಪರೀಕ್ಷೇಲೂ ಬರ್ದಿದೀವಿ, ಅಜ್ಜ ಆ ಮೂಲೆ ತೋರಿಸೋವರೆಗೂ ತಲೆಗೆ ಹೋಗಿರಲಿಲ್ಲ. ಆಮೇಲೆ ಎಲ್ಲ ಮತ್ತೆ ಮಾಡಿದ್ವಿ, ಬಾಗಿಲಿಂದ ದೂರ ದೂರ ಹೋಗ್ತಾ ಸಾಲಾಗಿ ಮಣ್ಣು ತೆಗೆದ್ವಿ, ಬಾಗಿಲ ಹತ್ರ ಜಾಸ್ತಿ, ದೂರ ಹೋದ ಹಾಗೆ ಇಳೀತಾ ಹೋಯ್ತು.

ನನಗೆ ಒಂದೇ ಬೇಜಾರು, ಸೆಮಿಸ್ಟರ್ ಸಾಕಾಗಲ್ಲ. ಉಪ್ಪು ಏರೋದು ಏಪ್ರಿಲ್ ಮೇ ಬಿಸಿಲಿಗೆ, ಆಗ ನಮಗೆ ಪರೀಕ್ಷೆ. ತೊಳೆದು ಹೋಗೋದು ಜೂನ್ ಜುಲೈ ಮಳೆಗೆ, ಆಗ ರಜೆ, ಇಲ್ಲಾಂದ್ರೆ ಅಡ್ಮಿಷನ್. ಭತ್ತದ ಒಂದು ಬೆಳೆ ಪೂರ್ತಿ ನೋಡೋ ಹಾಗಾದ್ರೂ ಪ್ರಾಜೆಕ್ಟ್ ಇಡ್ಬೇಕು, ಇದನ್ನ ಡಿಪಾರ್ಟ್‌ಮೆಂಟಲ್ಲಿ ಬರೆದು ಕೊಟ್ಟಿದೀನಿ ಕೂಡ.

ಮಳೆ ಹಿಡಿದ ಮೇಲೆ ನಾವೇ ಫೆರಿ ಹತ್ತಿ ಹೋಗಿ ಇನ್ನೊಂದ್ಸಲ ಮಣ್ಣು ತಂದ್ವಿ, ಮಾರ್ಕ್ಸಿಗೆ ಅಲ್ಲ. ಆ ಮೂಲೇಲಿ ಉಪ್ಪು ಇಳಿದಿತ್ತು, ಬಾಗಿಲಿಗೂ ಹೊಸ ಹಲಗೆ ಬಿದ್ದಿತ್ತು. ಅಜ್ಜ ಮೊಳಕೆ ಬಂದ ಬೀಜ ಎರಚ್ತಾ ಇದ್ರು. ನಮ್ಮೂರ ಕಗ್ಗದ ಕಥೆ ಕೇಳಿದಾಗಿಂದ ಅವ್ರಿಗೆ ಅದನ್ನ ನೋಡೋ ಆಸೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಸೇರು ತಗೊಂಡ್ ಬಾ ಅಂದಿದಾರೆ.