ಹ್ಯಾವ್‌ಲಾಕ್‌ನಿಂದ ಹೊರಡುವ ಮುಂಚೆ

“ಫ್ಲೈಟ್ ಯಾವಾಗ?”

ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಎಲ್ಲರೂ ಇದನ್ನೇ ಕೇಳುತ್ತಿದ್ದರು. ಡೈವಿಂಗ್ ಹೇಳಿಕೊಡುವ ಹುಡುಗ ಕೇಳಿದ. ನಾವಿದ್ದ ಕಾಟೇಜಿನ ಬಂಗಾಳಿ ದೀದಿ ಕೇಳಿದರು. ಸ್ಕೂಟರ್ ಬಾಡಿಗೆಗೆ ಕೊಟ್ಟವರೂ ಕೇಳಿದರು. ಬಂದು ಎರಡು ದಿನ ಆಗಿಲ್ಲ, ಆಗಲೇ ಹೊರಡುವ ಮಾತು ಯಾಕೆ ಅಂತ ನನಗೆ ಸ್ವಲ್ಪ ಬೇಜಾರೇ ಆಗಿತ್ತು. ಆಮೇಲೆ ಅರ್ಥವಾಯಿತು. ನಮ್ಮನ್ನು ಸಾಗಹಾಕಬೇಕು ಅಂತ ಅವರು ಕೇಳುತ್ತಿರಲಿಲ್ಲ. ದ್ವೀಪದಿಂದ ಹೊರಡುವುದು ಎಷ್ಟು ದೊಡ್ಡ ಕೆಲಸ ಅಂತ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ನಾವು ಅಂಡಮಾನ್‌ಗೆ ಹೋಗಿದ್ದು ಡಿಸೆಂಬರ್ ಎರಡನೇ ವಾರದಲ್ಲಿ. ನಾನು, ಹೆಂಡತಿ, 8 ವರ್ಷದ ಮಗಳು. ವಾಪಸು ಬೆಂಗಳೂರಿಗೆ ವಿಮಾನ ಇದ್ದದ್ದು ಶುಕ್ರವಾರ ಬೆಳಿಗ್ಗೆ 11ಕ್ಕೆ, ಪೋರ್ಟ್ ಬ್ಲೇರ್‌ನಿಂದ. ಆ ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ, ಹ್ಯಾವ್‌ಲಾಕ್ ಕೂಡ 2018ರಿಂದ ಸ್ವರಾಜ್ ದ್ವೀಪ. ಆದರೆ ನಾವು ಮಾತಾಡಿದವರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಇವೆ, ಹಾಗಾಗಿ ನಾನೂ ಹಾಗೇ ಬರೆಯುತ್ತೇನೆ. ನನ್ನ ಲೆಕ್ಕ ಸುಲಭವಾಗಿತ್ತು. ಗುರುವಾರ ಬೆಳಿಗ್ಗೆ ಕೊನೆಯದೊಂದು ಡೈವ್. ಊಟ. ಮಧ್ಯಾಹ್ನದ ಬೋಟು ಹತ್ತಿದರೆ ಸಂಜೆಗೆ ಪೋರ್ಟ್ ಬ್ಲೇರ್. ರಾತ್ರಿ ನಿದ್ದೆ, ಬೆಳಿಗ್ಗೆ ವಿಮಾನ.

ಈ ಲೆಕ್ಕದಲ್ಲಿ ಮೊದಲು ತಪ್ಪಿದ್ದು ಡೈವಿಂಗ್. ಹುಡುಗ ಬೆರಳು ಮಡಚಿ ಎಣಿಸಿದ. 11ಕ್ಕೆ ನೀರಿಗಿಳಿದರೆ ಮೇಲೆ ಬರುವುದು 12ಕ್ಕೆ. ಮರುದಿನ 11ಕ್ಕೆ ವಿಮಾನ. ಮಧ್ಯದಲ್ಲಿ ಇರುವುದು 23 ಗಂಟೆ. “ಆಗಲ್ಲ ಸರ್” ಅಂದ. ಒಂದು ಗಂಟೆ ತಾನೇ ಅಂತ ನಾನು ಕೇಳಿದೆ. ಅವನು ನನ್ನನ್ನು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದ.

ನೀರಿನಡಿ ನಾವು ಸಿಲಿಂಡರಿನ ಗಾಳಿ ಉಸಿರಾಡುತ್ತೇವೆ. ಸುತ್ತ ನೀರಿನ ಒತ್ತಡ ಇರುವುದರಿಂದ ಆ ಗಾಳಿಯ ನೈಟ್ರೋಜನ್ ರಕ್ತಕ್ಕೂ ಮಾಂಸಖಂಡಗಳಿಗೂ ಮಾಮೂಲಿಗಿಂತ ಜಾಸ್ತಿ ಸೇರುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ಜೊತೆ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ತೊಂದರೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟು ಇರುವುದಿಲ್ಲ. ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡದವರೆಗೂ ಅದು ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದರೆ ಸೀಟಿನಲ್ಲಿ ಕೂತಲ್ಲೇ ಮುಳ್ಳಯ್ಯನಗಿರಿಗಿಂತ ಮೇಲಕ್ಕೆ ಹೋದ ಹಾಗೆ. ಆಗ ಒಳಗೆ ಉಳಿದ ನೈಟ್ರೋಜನ್ ಗುಳ್ಳೆಯಾಗುತ್ತದೆ. ಕೀಲು ನೋವಿನಿಂದ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ನನ್ನ ಹಾಗೆ ದಿನಾ ಡೈವ್ ಮಾಡಿದವರು ಕಡಿಮೆ ಅಂದರೂ 18 ಗಂಟೆ ಬಿಟ್ಟೇ ವಿಮಾನ ಹತ್ತಬೇಕು ಅನ್ನುವುದು ಎಲ್ಲ ಕಡೆ ಪಾಲಿಸುವ ಮಾತು. ಅವರ ಸೆಂಟರ್‌ನಲ್ಲಿ 24 ಗಂಟೆ.

“ನಿಮಗೆ ಒಂದು ಡೈವ್ ಕಮ್ಮಿ ಆದ್ರೆ ಏನೂ ಆಗಲ್ಲ” ಅಂದ. ಗಿರಾಕಿಯ ದುಡ್ಡು ಬೇಡ ಅಂದ ಆ ಹುಡುಗನ ಮೇಲೆ ನನಗೆ ತುಂಬಾ ಗೌರವ ಬಂತು. ಹೀಗೆ ಬುಧವಾರದ ಡೈವ್ ನನಗೇ ಗೊತ್ತಿಲ್ಲದೆ ಕೊನೆಯದಾಗಿಬಿಟ್ಟಿತ್ತು. ಗೊತ್ತಿದ್ದರೆ ಇನ್ನೂ ಸ್ವಲ್ಪ ಕಣ್ಣು ಬಿಟ್ಟು ನೋಡುತ್ತಿದ್ದೆ.

ಎರಡನೇ ತಪ್ಪನ್ನು ತೋರಿಸಿದವರು ದೀದಿ. ಹ್ಯಾವ್‌ಲಾಕ್‌ನಲ್ಲಿ ನಮ್ಮಂಥವರು ಹತ್ತುವ ವಿಮಾನಕ್ಕೆ ನಿಲ್ದಾಣ ಇಲ್ಲ. ಪೋರ್ಟ್ ಬ್ಲೇರ್‌ಗೆ ಬೋಟಿನಲ್ಲೇ ಹೋಗಬೇಕು. ವೇಗದ ಖಾಸಗಿ ಬೋಟಿಗೆ ಒಂದೂವರೆ ಗಂಟೆಯ ದಾರಿ, ಸರಕಾರಿ ಬೋಟಿಗೆ ಇನ್ನೂ ಜಾಸ್ತಿ. ನವೆಂಬರ್, ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಯಾವಾಗ ಬೇಕಾದರೂ ವಾಯುಭಾರ ಕುಸಿಯಬಹುದು. ಗಾಳಿ ಎದ್ದರೆ ಬೋಟುಗಳು ನಿಲ್ಲುತ್ತವೆ. “ವಿಮಾನದ ಹಿಂದಿನ ದಿನದ ಕೊನೇ ಬೋಟನ್ನು ನಾವ್ಯಾರೂ ನಂಬಲ್ಲ. ಮೇನ್‌ಲ್ಯಾಂಡ್‌ನವರು ಮಾತ್ರ ನಂಬ್ತಾರೆ” ಅಂದರು. ಅಂಡಮಾನಿನವರಿಗೆ ನಾವೆಲ್ಲ ಮೇನ್‌ಲ್ಯಾಂಡ್‌ನವರು. ಚೆನ್ನೈ, ಕೋಲ್ಕತ್ತ, ಬೆಂಗಳೂರು, ಎಲ್ಲಾ ಒಂದೇ. ನಾನು ಬೋಟಿನ ಟಿಕೆಟನ್ನು ಗುರುವಾರ ಬೆಳಿಗ್ಗೆಗೆ ಬದಲಾಯಿಸಿದೆ.

ಹಾಗಾಗಿ ಬುಧವಾರ ಸಂಜೆಯೇ ಗಂಟುಮೂಟೆ ಕಟ್ಟಬೇಕಾಯಿತು. ಇಲ್ಲಿ ಇನ್ನೊಂದು ವಿಷಯ. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಅಂಡಮಾನ್ ತುಂಬಾ ಪೂರ್ವಕ್ಕಿದೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಮುಳುಗಲು ಇನ್ನೂ ಒಂದು ಗಂಟೆ ಬೇಕು. ನಾಲ್ಕು ಗಂಟೆಗೆ ಸಮುದ್ರದಲ್ಲಿ ನೆಂದು ಬಂದು ಬಟ್ಟೆ ಹರವಿದರೆ ಅದು ಒಣಗುವ ಮಾತೇ ಇಲ್ಲ. ಉಪ್ಪುನೀರಿನ ಬಟ್ಟೆ ಬೆಳಗಿನವರೆಗೂ ಜಿಗಿಜಿಗಿ ಅನ್ನುತ್ತಲೇ ಇರುತ್ತದೆ, ತೂಕವೂ ಬಿಡುವುದಿಲ್ಲ. ತಲೆಗೆ 15 ಕಿಲೋ ಲಗೇಜಿನಲ್ಲಿ ಸಮುದ್ರವನ್ನೇ ಹೊತ್ತುಕೊಂಡು ಹೋದ ಹಾಗೆ. ಕೊನೆಯ ದಿನದ ಈಜನ್ನು ಬೆಳಿಗ್ಗೆಯೇ ಮುಗಿಸಿಬಿಡಿ. ಒದ್ದೆ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಬಿಸಿಲಿಗೆ ಹಾಕಿ.

ದೀದಿ ತಮ್ಮ ಹಿತ್ತಲಿನ ಎರಡು ತೆಂಗಿನಕಾಯಿ ತಂದುಕೊಟ್ಟರು. ಇಡೀ ತೆಂಗಿನಕಾಯಿಯನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೇ 2024ರಲ್ಲಿ ವಿಶೇಷ ಅನುಮತಿ ಕೊಡಬೇಕಾಯಿತು. ದೊಡ್ಡ ಪೆಟ್ಟಿಗೆಯಲ್ಲಿ ಜಾಗ ಇರಲಿಲ್ಲ. ಒಡೆದು ಅಲ್ಲೇ ತಿಂದೆವು. ಸಿಹಿ ಅಂದರೆ ಸಿಹಿ.

ರಾತ್ರಿ ಹತ್ತರ ಹೊತ್ತಿಗೆ ಕೋಣೆಯ ಮೂಲೆಯಿಂದ ಒಂದು ಸದ್ದು ಬಂತು. ಪ್ಲಾಸ್ಟಿಕ್ ಕವರನ್ನು ಯಾರೋ ಉಗುರಿನಿಂದ ಕೆರೆದ ಹಾಗೆ. ನಿಂತಿತು. ಮತ್ತೆ ಕೆರೆಯಿತು. ಇಲಿ ಇರಬೇಕು ಅಂದುಕೊಂಡೆ. ಸದ್ದು ಬರುತ್ತಿದ್ದದ್ದು ಮಗಳ ಚೀಲದಿಂದ. ಅವಳು ನಾಲ್ಕು ದಿನದಿಂದ ಆರಿಸಿದ ಚಿಪ್ಪುಗಳನ್ನೆಲ್ಲ ಒಂದು ಕವರಿಗೆ ತುಂಬಿ, ಗಂಟು ಹಾಕಿ, ಬಟ್ಟೆಗಳ ನಡುವೆ ಇಟ್ಟುಕೊಂಡಿದ್ದಳು. ಗಂಟು ಬಿಚ್ಚಿ ನೆಲದ ಮೇಲೆ ಸುರಿದೆವು. 22 ಚಿಪ್ಪು, ಒಂದು ಬಿಳಿ ಹವಳದ ತುಂಡು. ಸ್ವಲ್ಪ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಕಂದು ಗೆರೆಯ ಒಂದು ಶಂಖ ತಾನಾಗಿಯೇ ವಾಲಿತು.

ಅದರೊಳಗೆ ಸನ್ಯಾಸಿ ಏಡಿ ಇತ್ತು. ಟಾರ್ಚ್ ಹಿಡಿದ ಕೂಡಲೇ ಒಳಗೆ ಸರಿದು, ತನ್ನ ದೊಡ್ಡ ಎಡಗೊಂಡಿಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡಿತು. ಬಾಗಿಲು ಹಾಕಿಕೊಂಡ ಹಾಗೆ. ಎಷ್ಟು ಸರಿಯಾಗಿ ಕೂತಿತ್ತು ಅಂದರೆ, ಕೂದಲು ತೂರುವಷ್ಟೂ ಸಂದಿ ಕಾಣಲಿಲ್ಲ.

ಈ ಏಡಿಯ ಹೊಟ್ಟೆಯ ಭಾಗ ಮೆತ್ತಗೆ. ಅದಕ್ಕೆ ಸ್ವಂತ ಚಿಪ್ಪು ಕಟ್ಟಿಕೊಳ್ಳಲು ಬರುವುದಿಲ್ಲ. ಸತ್ತ ಶಂಖದ ಹುಳುಗಳು ಬಿಟ್ಟುಹೋದ ಖಾಲಿ ಚಿಪ್ಪೇ ಅದರ ಮನೆ. ಬೆಳೆದ ಹಾಗೆ ಇನ್ನೂ ದೊಡ್ಡ ಮನೆ ಹುಡುಕಬೇಕು. ದಡದಲ್ಲಿ ಬಿದ್ದ ಖಾಲಿ ಚಿಪ್ಪನ್ನು ನಾವು ಯಾರಿಗೂ ಬೇಡದ್ದು ಅಂದುಕೊಳ್ಳುತ್ತೇವೆ ಅಲ್ವಾ? ಅದಕ್ಕೆ ಕಾಯುತ್ತಿರುವವರು ಇರುತ್ತಾರೆ. ಬಂದವರೆಲ್ಲ ಹತ್ತತ್ತು ಒಯ್ದರೆ ಅವು ಎಲ್ಲಿಗೆ ಹೋಗಬೇಕು?

ಹವಳದ ಮಾತೇ ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಸತ್ತು ಬೆಳ್ಳಗಾಗಿ ದಡಕ್ಕೆ ಬಿದ್ದ ತುಂಡನ್ನೂ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ. ಇದನ್ನು ನಾನು ಮೊದಲ ದಿನವೇ ಮಗಳಿಗೆ ಹೇಳಬೇಕಿತ್ತು. ಅವಳು ಅಷ್ಟು ಪ್ರೀತಿಯಿಂದ ಆರಿಸುತ್ತಿದ್ದಾಗ ಸುಮ್ನೆ ನೋಡುತ್ತಾ ನಿಂತಿದ್ದು ನನ್ನದೇ ತಪ್ಪು.

ಮಗಳು ಅತ್ತಳು. ಚಿಪ್ಪು ಹೋಗುತ್ತವೆ ಅಂತಲ್ಲ. ಏಡಿಗೆ ಒಂದು ದಿನವೆಲ್ಲ ಕವರಿನಲ್ಲಿ ಉಸಿರು ಕಟ್ಟಿತಲ್ಲ ಅಂತ. ಮೂವರೂ ಟಾರ್ಚ್ ಹಿಡಿದು ದಡಕ್ಕೆ ಹೋದೆವು. ಉಬ್ಬರ ಏರುತ್ತಿತ್ತು. ಅಲೆ ತಾಗದ ಕಡೆ, ಕೇದಗೆಯ ಬುಡದಲ್ಲಿ ಅವಳು ಕೂತಳು. ಒಂದೊಂದೇ ಚಿಪ್ಪನ್ನು ಬಾಯಿ ಮೇಲೆ ಬರುವ ಹಾಗೆ ಮರಳಿನ ಮೇಲಿಟ್ಟಳು. ಒಳಗೆ ಹೋಗುವವರಿಗೆ ಸುಲಭವಾಗಲಿ ಅಂತ. ಹವಳವನ್ನು ನೀರಿಗೆ ಬಿಟ್ಟಳು. ಕೊನೆಗೆ ಶಂಖವನ್ನು ಇಟ್ಟು ಟಾರ್ಚ್ ಆರಿಸಿದೆವು.

ಐದು ನಿಮಿಷ ಆಯಿತು. ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಮೊದಲು ಎರಡು ಮೀಸೆ ಹೊರಬಂದವು. ಆಮೇಲೆ ಕಡ್ಡಿಯ ತುದಿಯ ಕಣ್ಣುಗಳು. ಆಮೇಲೆ ಕಾಲುಗಳು, ಒಂದೊಂದಾಗಿ. ಶಂಖವನ್ನು ಬೆನ್ನಿಗೆ ಏರಿಸಿಕೊಂಡು ಅದು ಕೇದಗೆಯ ಬೇರಿನ ಕಡೆ ನಡೆದುಹೋಯಿತು. ಮಗಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ, ಅವಳ ಉಗುರಿನ ಗುರುತು ಬೆಳಿಗ್ಗೆಯೂ ಇತ್ತು.

ಬೆಳಿಗ್ಗೆ ಹೊರಡುವಾಗ ನನ್ನ ಹೆಂಡತಿ ದೀದಿಗೆ ಹಿಂದಿಯಲ್ಲಿ “ನಾವು ಹೋಗ್ತೀವಿ” ಅಂದಳು. ಒಳಗಿನಿಂದ ದೀದಿಯ ಅತ್ತೆ ಗದರಿಸಿದ ಹಾಗೆ ಏನೋ ಅಂದರು. ಹಾಗೆ ಹೇಳಬಾರದಂತೆ. ಬಂಗಾಳಿಯಲ್ಲಿ ಹೊರಡುವವರು “ಆಶಿ” ಅನ್ನಬೇಕಂತೆ. ಹಾಗಂದರೆ ಬರ್ತೀನಿ ಅಂತ. ನಮ್ಮಲ್ಲೂ ಹಾಗೇ ತಾನೇ? ಹೋಗ್ತೀನಿ ಅಂದರೆ ನಮ್ಮಜ್ಜಿ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದರು. ದೀದಿಯ ಅತ್ತೆ ಈ ದ್ವೀಪಕ್ಕೆ ಬಂದಿದ್ದು 1950ರ ದಶಕದಲ್ಲಿ, ಪೂರ್ವ ಬಂಗಾಳದಿಂದ, ಪುಟ್ಟ ಮಗುವಾಗಿ. ದೇಶ ಒಡೆದ ಮೇಲೆ ನಿರಾಶ್ರಿತರಾದ ಎಷ್ಟೋ ಬಂಗಾಳಿ ಕುಟುಂಬಗಳಿಗೆ ಸರಕಾರ ಇಲ್ಲಿ ಜಮೀನು ಕೊಟ್ಟು ಹಡಗಿನಲ್ಲಿ ಕರೆತಂದಿತ್ತು. ಗೋವಿಂದ ನಗರ, ವಿಜಯ ನಗರ, ಶ್ಯಾಮ ನಗರ ಅಂತ ಇಲ್ಲಿನ ಊರುಗಳಿಗೆ ಹೆಸರು ಬಂದದ್ದು ಅವರಿಂದ. ಅತ್ತೆಯ ಅಮ್ಮ ಊರು ಬಿಡುವಾಗ ನೆರೆಯವರಿಗೆ “ಆಶಿ” ಅಂತಲೇ ಹೇಳಿ ಬಂದಿದ್ದರಂತೆ. ಮತ್ತೆ ಹೋಗಲು ಆಗಲೇ ಇಲ್ಲ. ಹೆಂಡತಿ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ “ಆಶಿ” ಅಂದಳು. ಅಜ್ಜಿ ನಕ್ಕರು.

ಬೋಟು ತುಂಬಾ ಕುಲುಕಾಡಿತು. ಸುತ್ತ ವಾಂತಿ ಚೀಲಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಪೋರ್ಟ್ ಬ್ಲೇರ್ ಜೆಟ್ಟಿಯಲ್ಲಿ ಇಳಿದು ಎರಡು ಗಂಟೆ ಆಗಿರಲಿಲ್ಲ, ದೀದಿಯ ಫೋನ್ ಬಂತು. ಮಧ್ಯಾಹ್ನದ ಬೋಟುಗಳನ್ನು ಗಾಳಿಯ ಕಾರಣಕ್ಕೆ ನಿಲ್ಲಿಸಿದ್ದಾರಂತೆ.

ಉಳಿದ ಅರ್ಧ ದಿನದಲ್ಲಿ ಸೆಲ್ಯುಲರ್ ಜೈಲಿಗೆ ಹೋದೆವು. 1906ರಲ್ಲಿ ಕಟ್ಟಿ ಮುಗಿಸಿದ ಜೈಲು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಕರಿನೀರಿನ ಶಿಕ್ಷೆ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಮೇಲಿನ ತಾರಸಿಯಲ್ಲಿ ನಿಂತು ಆ ನೀರನ್ನು ನೋಡಿದಾಗ ಮಾತು ಬರಲಿಲ್ಲ. ಮನೆಗೆ ಹೋಗುವ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಅಲ್ಲಿ ನಿಂತಿರುವುದೇ ಎಷ್ಟು ದೊಡ್ಡ ಪುಣ್ಯ ಅನ್ನಿಸಿತು.

ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. 2023ರಲ್ಲಿ ತೆರೆದ ಹೊಸ ಟರ್ಮಿನಲ್‌ನ ಚಾವಣಿ ಚಿಪ್ಪಿನ ಆಕಾರದಲ್ಲಿದೆ. “ಅಪ್ಪಾ, ಇದ್ರೊಳಗೆ ಯಾವ ಏಡಿ ಇದೆ?” ಅಂದಳು ಮಗಳು. ಸ್ಕ್ಯಾನರ್ ಹತ್ತಿರ ನಮ್ಮ ಮುಂದಿದ್ದ ಒಬ್ಬರ ಪೆಟ್ಟಿಗೆ ತೆಗೆಸಿದರು. ಟವೆಲ್‌ನಲ್ಲಿ ಸುತ್ತಿದ ಹವಳದ ತುಂಡುಗಳು ಹೊರಬಂದವು. ಗೊತ್ತಿರಲಿಲ್ಲ ಅಂತ ಅವರು ಹೇಳುತ್ತಲೇ ಇದ್ದರು. ನಿಜವಾಗಿಯೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ನಮ್ಮ ಸರದಿ ಬಂದಾಗ ಮಗಳು ಕೇಳುವ ಮೊದಲೇ ತನ್ನ ಚೀಲದ ಜಿಪ್ ಎಳೆದು ತೋರಿಸಿದಳು. ಬಟ್ಟೆ, ಬಣ್ಣದ ಪೆನ್ಸಿಲ್, ಒಂದು ಖಾಲಿ ಕವರ್.

ವಿಮಾನ ಏರುತ್ತಿದ್ದಂತೆ ಮೊದಲು ಕಾಡು, ಆಮೇಲೆ ಹವಳದ ದಿಬ್ಬದ ತಿಳಿಹಸಿರು ಅಂಚು, ಆಮೇಲೆ ಕಡುನೀಲಿ ಬಿಟ್ಟರೆ ಬೇರೇನೂ ಇಲ್ಲ. ಚೆನ್ನೈಯಿಂದ ಹಡಗಿನಲ್ಲಿ ಬರುವವರಿಗೆ ಈ ನೀಲಿ ಸುಮಾರು ಮೂರು ದಿನದ ದಾರಿ. ನಮಗೆ ಎರಡೂವರೆ ಗಂಟೆಯಲ್ಲಿ ಮುಗಿಯಿತು.

ಬೆಂಗಳೂರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆ ಹತ್ತಿರ ಬರುವಾಗ ಐದೂವರೆ. ಬಿಸಿಲು ಇನ್ನೂ ರಸ್ತೆಯ ಮೇಲಿತ್ತು. ಮಗಳು ಕಿಟಕಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದಳು.

“ಅಲ್ಲಿ ಈಗ ಕತ್ತಲಾಗಿರತ್ತೆ” ಅಂದಳು. “ಅದು ಹೊರಗೆ ಬಂದಿರತ್ತೆ.”