ಕೊಂಡಿಗಳ ಎಣಿಕೆ, ಕೊಂಡಿಗಳ ತೂಕ

ಮೂರೇ ಜಾಲಪುಟಗಳಿರುವ ಒಂದು ಪುಟ್ಟ ಅಂತರ್ಜಾಲವನ್ನು ಮೊನ್ನೆ ಕಾಗದದ ಮೇಲೆ ಬರೆದುಕೊಂಡು ಲೆಕ್ಕ ಹಾಕಿದೆ. 'ಕ' ಪುಟದಿಂದ 'ಖ' ಮತ್ತು 'ಗ' ಎರಡಕ್ಕೂ ಕೊಂಡಿಗಳಿವೆ (ಲಿಂಕ್‌ಗಳು). 'ಖ'ದಿಂದ 'ಗ'ಕ್ಕೆ ಒಂದು, 'ಗ'ದಿಂದ 'ಕ'ಕ್ಕೆ ಒಂದು. ಪ್ರತಿಯೊಂದು ಪುಟವೂ ತನ್ನ ಅಂಕವನ್ನು, ಅಂದರೆ ತನ್ನ ಮಹತ್ವದ ಅಳತೆಯನ್ನು, ತಾನು ತೋರಿಸುವ ಪುಟಗಳಿಗೆ ಸಮನಾಗಿ ಹಂಚಬೇಕು, ಅಂಕಗಳು ಬದಲಾಗುವುದು ನಿಲ್ಲುವವರೆಗೂ ಹೀಗೆ ಹಂಚುತ್ತಲೇ ಇರಬೇಕು ಎಂಬುದಷ್ಟೇ ನಿಯಮ. ಮೂರಕ್ಕೂ ಸಮಪಾಲು ಕೊಟ್ಟು ಆರಂಭಿಸಿದರೂ ಕೊನೆಗೆ 'ಕ' ಮತ್ತು 'ಗ' ತಲಾ 0.4ಕ್ಕೂ 'ಖ' 0.2ಕ್ಕೂ ಬಂದು ನಿಂತವು. 'ಕ' ಮತ್ತು 'ಖ' ಎರಡಕ್ಕೂ ಬರುವ ಕೊಂಡಿ ಒಂದೊಂದೇ. ಆದರೆ 'ಗ' ತನ್ನ ಪೂರ್ತಿ ಅಂಕವನ್ನು 'ಕ'ಕ್ಕೇ ಕೊಡುತ್ತದೆ, 'ಖ'ಕ್ಕೆ ಸಿಗುವುದು 'ಕ'ದ ಅಂಕದಲ್ಲಿ ಅರ್ಧ ಮಾತ್ರ.

ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ, ಗೂಗಲ್ ಕಟ್ಟಿದ ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಪ್ರಕಟಿಸಿದ, ಹುಡುಕಾಟಕ್ಕಾಗಿ ಪುಟಗಳ ಮಹತ್ವವನ್ನು ಅಳೆಯುವ ಪೇಜ್‌ರ‍್ಯಾಂಕ್ ಲೆಕ್ಕದ ತಿರುಳು ಇದೇ. ಆದರೆ ನನ್ನ ಕಾಗದದ ಜಾಲದಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು, ನಿಜವಾದ ಜಾಲದಲ್ಲಿ ಹಾಗಿಲ್ಲ. 2000ದಲ್ಲಿ ಸುಮಾರು 20 ಕೋಟಿ ಪುಟಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಪರಸ್ಪರ ತಲುಪಬಲ್ಲ ಪುಟಗಳ ಕೇಂದ್ರಭಾಗವು ಒಟ್ಟು ಪುಟಗಳ ಮೂರನೇ ಒಂದು ಪಾಲಿಗಿಂತಲೂ ಚಿಕ್ಕದೆಂದು ಕಂಡುಬಂತು. ಉಳಿದ ಭಾಗದಲ್ಲಿ ಒಳಹೊಕ್ಕರೆ ಹೊರಬರಲಾಗದ ಮೂಲೆಗಳೂ ಇವೆ. ಅಂತಹ ಮೂಲೆಗಳಲ್ಲಿ ಅಂಕವೆಲ್ಲ ಸಿಕ್ಕಿಬೀಳದಿರಲೆಂದೇ, ಓದುಗನು ನೂರಕ್ಕೆ 85 ಸಲ ಕೊಂಡಿಯನ್ನು ಹಿಡಿದು ಹೋಗುತ್ತಾನೆ, ಉಳಿದ 15 ಸಲ ಯಾವುದೋ ಪುಟಕ್ಕೆ ನೆಗೆಯುತ್ತಾನೆ ಎಂಬ ಊಹೆಯನ್ನು 1998ರ ಲೆಕ್ಕದಲ್ಲೇ ಸೇರಿಸಲಾಗಿತ್ತು.

ಈ ವಿಚಾರದ ಬೇರುಗಳು ಕಂಪ್ಯೂಟರಿನಲ್ಲಿಲ್ಲ, ಸಮಾಜಶಾಸ್ತ್ರದಲ್ಲಿವೆ. ಗುಂಪಿನಲ್ಲಿ ಒಬ್ಬರ ಸ್ಥಾನವನ್ನು ಅಳೆಯಲು, ಅವರನ್ನು ಎಷ್ಟು ಜನ ಆರಿಸಿದರು ಎನ್ನುವುದರ ಜೊತೆಗೆ ಆರಿಸಿದವರನ್ನು ಎಷ್ಟು ಜನ ಆರಿಸಿದ್ದಾರೆ ಎಂಬುದನ್ನೂ ನೋಡಬೇಕೆಂದು ಸಂಖ್ಯಾಶಾಸ್ತ್ರಜ್ಞ ಲಿಯೋ ಕಾಟ್ಸ್ 1953ರಲ್ಲೇ ಸೂತ್ರ ಕಟ್ಟಿದ್ದರು. ಅದಕ್ಕೂ ಮೊದಲು ಮನೋವೈದ್ಯ ಜೇಕಬ್ ಮೊರೆನೊ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನಲ್ಲಿದ್ದ ಬಾಲಕಿಯರ ಸಂಸ್ಥೆಯೊಂದರಲ್ಲಿ, ಯಾರೊಡನೆ ವಾಸಿಸಲು ಇಷ್ಟ, ಯಾರೊಡನೆ ಇಷ್ಟವಿಲ್ಲ ಎಂದು ಕೇಳಿ, ಉತ್ತರಗಳನ್ನು ಗೆರೆಗಳಾಗಿ ಚಿತ್ರಿಸಿ 1934ರಲ್ಲಿ ಪ್ರಕಟಿಸಿದ್ದರು. ಒಲವಿಗೆ ಒಂದು ಬಗೆಯ ಗೆರೆ, ನಿರಾಕರಣೆಗೆ ಇನ್ನೊಂದು ಬಗೆಯದು.

ನನಗೆ ಮುಖ್ಯವೆನಿಸುವುದು ಆ ಎರಡನೆಯ ಗೆರೆ. ಜಾಲಪುಟಗಳ ವಿಶ್ಲೇಷಣೆಯು ಸಮಾಜಶಾಸ್ತ್ರದಿಂದ ತೂಕದ ಕಲ್ಪನೆಯನ್ನು ಪಡೆಯಿತು, ನಿರಾಕರಣೆಯನ್ನು ಅಲ್ಲಿಯೇ ಬಿಟ್ಟು ಬಂದಿತು. ಒಂದು ಪುಟದಲ್ಲಿರುವುದು ಶುದ್ಧ ಸುಳ್ಳು ಎಂದು ವಿವರವಾಗಿ ಬರೆದು, ಓದುಗರು ತಾವೇ ನೋಡಲಿ ಎಂದು ನಾನು ಅದಕ್ಕೆ ಕೊಂಡಿ ಕೊಟ್ಟರೆ, ಮೇಲಿನ ಲೆಕ್ಕದ ಪ್ರಕಾರ ನನ್ನ ಅಂಕದ ಒಂದು ಪಾಲು ಆ ಸುಳ್ಳಿಗೇ ಹೋಗುತ್ತದೆ. (ಸಾಮಾಜಿಕ ಜಾಲತಾಣಗಳಲ್ಲಿ ಬೈಯುವುದಕ್ಕೆಂದೇ ಹಂಚಿಕೊಂಡ ಬರಹವೂ 'ಹಂಚಿಕೆ' ಎಂದೇ ಎಣಿಕೆಯಾಗುವುದು ಇದೇ ಬಗೆಯ ತೊಡಕು.) ಕೊಂಡಿಗೆ 'ನೋಫಾಲೋ' ಎಂಬ ಗುರುತು ಹಚ್ಚುವ ವ್ಯವಸ್ಥೆಯನ್ನು ಹುಡುಕುಯಂತ್ರಗಳು 2005ರಲ್ಲಿ ಜಾರಿಗೆ ತಂದದ್ದು ಮುಖ್ಯವಾಗಿ ಕಸದ (ಸ್ಪ್ಯಾಮ್) ಕೊಂಡಿಗಳನ್ನು ತಡೆಯಲು, ಖಂಡಿಸುವಾಗ ನಾನೂ ಅದನ್ನೇ ಬಳಸುತ್ತೇನೆ. ಆದರೂ ಆ ಗುರುತು 'ಇದನ್ನು ಎಣಿಸಬೇಡಿ' ಎನ್ನುತ್ತದೆಯೇ ಹೊರತು 'ಇದನ್ನು ನಾನು ಒಪ್ಪುವುದಿಲ್ಲ' ಎನ್ನುವುದಿಲ್ಲ. ಹಡ್ಸನ್ನಿನ ಬಾಲಕಿಯರಿಗೆ ಅಷ್ಟನ್ನು ಹೇಳಲು ಒಂದು ಗೆರೆಯಾದರೂ ಇತ್ತು.